ಅಡಿಕೆ ಸುಲಿಯುವ ಯಂತ್ರ ಕೊಳ್ಳುವ ಮೊದಲು ಐಆರ್‌ಆರ್ (ಆಂತರಿಕ ಪ್ರತಿಫಲ ದರ) ಲೆಕ್ಕ

ಬದಿಯಡ್ಕ, ಮುಳ್ಳೇರಿಯ ಕಡೆಯ ಒಂದು ತೋಟಕ್ಕೆ ಸುಲಿಯುವ ಯಂತ್ರ, ಸೋಲಾರ್ ಡ್ರೈಯರ್ ಸೇರಿ 3,00,000 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ. ಕೂಲಿ ಉಳಿತಾಯದಲ್ಲಿ ಕರೆಂಟು, ರಿಪೇರಿ ಕಳೆದು ವರ್ಷಕ್ಕೆ 90,000 ಕೈಗೆ ಸಿಗುತ್ತದೆ. ಬಾಳಿಕೆ 5 ವರ್ಷ, ಗುಜರಿ ಬೆಲೆ ಸೊನ್ನೆ. ‘ಮೂರು ಚಿಲ್ಲರೆ ವರ್ಷದಲ್ಲಿ ಅಸಲು ಬಂತು’ ಎನ್ನುವವರು ಬಡ್ಡಿಯನ್ನೇ ಮರೆತಿರುತ್ತಾರೆ.

ಮುಂದೆ ಬರುವ ಹಣದ ಇಂದಿನ ಮೌಲ್ಯ (ಬಡ್ಡಿ ಕಳೆದು ಇಂದಿಗೆ ಇಳಿಸಿದ ಬೆಲೆ) ಹೂಡಿಕೆಗೆ ಸರಿಸಮವಾಗುವ ದರವೇ ಐಆರ್‌ಆರ್. ಕೈಲೆಕ್ಕದಲ್ಲಿ ಎರಡು ದರ ಹಿಡಿದು ನೋಡಿ. ಶೇ. 15ರಲ್ಲಿ ಇಂದಿನ ಮೌಲ್ಯ 3,01,694, ಅಂದರೆ 1,694 ಹೆಚ್ಚು. ಶೇ. 16ರಲ್ಲಿ 2,94,686, ಅಂದರೆ 5,314 ಕಡಿಮೆ. ಉತ್ತರ ಇವೆರಡರ ನಡುವೆ: 15 + 1,694 ÷ 7,008 (1,694 ಮತ್ತು 5,314ರ ಮೊತ್ತ), ಸುಮಾರು ಶೇ. 15.24. ಸೋಮಾರಿತನದಿಂದ 12 ಮತ್ತು 18 ಹಿಡಿದರೆ 15.41 ಬರುತ್ತದೆ, ಅಂತರ ಹಿಗ್ಗಿದಷ್ಟೂ ತಪ್ಪು.

ಎಕ್ಸೆಲ್‌ನ IRR ಸೂತ್ರ ಬಳಸುವಾಗ ಹೂಡಿಕೆಗೆ ಮೈನಸ್ ಚಿಹ್ನೆ ಹಾಕಲೇಬೇಕು, ಇಲ್ಲದಿದ್ದರೆ ಎರರ್. ಉತ್ತರ ಬರೀ 15% ಎಂದು ಕಂಡರೆ ದಶಾಂಶ ಹೆಚ್ಚಿಸಿ.

ಸಾಲದ ಬಡ್ಡಿ ಶೇ. 11 ಇದ್ದರೆ ಐಆರ್‌ಆರ್ ಅದಕ್ಕಿಂತ ಹೆಚ್ಚು, ಯಂತ್ರ ಕೊಳ್ಳಬಹುದು. ಆದರೆ ವರ್ಷದ ಆದಾಯದಿಂದ ಸಾಲದ ಕಂತು ಕಳೆಯಬೇಡಿ. ಐಆರ್‌ಆರ್ ಅನ್ನು ಬಡ್ಡಿ ದರದ ಜೊತೆ ಹೋಲಿಸುವುದರಿಂದ ಬಡ್ಡಿಯನ್ನು ಎರಡು ಸಲ ಲೆಕ್ಕ ಹಿಡಿದಂತಾಗುತ್ತದೆ. ಸವಕಳಿಯನ್ನೂ (ಯಂತ್ರ ಹಳತಾದಂತೆ ಪುಸ್ತಕದಲ್ಲಿ ಇಳಿಸುವ ಬೆಲೆ) ಕಳೆಯಬಾರದು, ಅದು ನಗದಲ್ಲ.

ಹೊಸ ಅಡಿಕೆ ತೋಟದ ಕಥೆ ಬೇರೆ. ಮೊದಲ ಕೆಲವು ವರ್ಷ ಬರೀ ಖರ್ಚು. ನಡುವೆ ಮರುನಾಟಿಗೆ ದೊಡ್ಡ ಮೊತ್ತ ಸುರಿದರೆ ಒಂದಕ್ಕಿಂತ ಹೆಚ್ಚು ಐಆರ್‌ಆರ್ ಬರಬಹುದು. ಆಗ ನಿವ್ವಳ ಇಂದಿನ ಮೌಲ್ಯವನ್ನೇ (ಬರುವ ಹಣದ ಇಂದಿನ ಮೌಲ್ಯದಲ್ಲಿ ಖರ್ಚಿನ ಇಂದಿನ ಮೌಲ್ಯ ಕಳೆದು ಉಳಿದದ್ದು) ನಂಬಿ.