ಕೊಪ್ಪಳದಲ್ಲಿದ್ದುಕೊಂಡೇ ಸಿನಿಮಾ ಸೌಂಡ್ ಕೆಲಸ: ನನ್ನ ಅನುಭವ

2020ರ ಮಾರ್ಚ್‌ವರೆಗೆ ನಾನು ಮದುವೆ ವಿಡಿಯೊ ಮಾಡುತ್ತಿದ್ದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ ಸುತ್ತ ಸೀಸನ್‌ನಲ್ಲಿ ಒಂದು ದಿನವೂ ಬಿಡುವಿರುತ್ತಿರಲಿಲ್ಲ. ಲಾಕ್‌ಡೌನ್ ಬಂತು, ಬುಕ್ ಆಗಿದ್ದ ಮದುವೆಗಳೆಲ್ಲ ನಿಂತವು. ಮನೆಯಲ್ಲಿ ಕೂತು ಹಳೆಯ ವಿಡಿಯೊ ನೋಡುತ್ತಿದ್ದೆ. ಚಿತ್ರ ಚೆನ್ನಾಗಿದೆ, ಮಾತು ಮಾತ್ರ ಕೇಳಿಸುವುದಿಲ್ಲ. ಅಜ್ಜಿ ಸೋಬಾನೆ ಹಾಡುತ್ತಿದ್ದಾಳೆ, ಅದರ ಮೇಲೆ ಜನರೇಟರ್ ಗುರ್ ಅನ್ನುತ್ತಿದೆ. ಆಗ ಯೋಚನೆ ಬಂತು. ನಮ್ಮ ಕಡೆ ಕ್ಯಾಮೆರಾ ಹಿಡಿಯುವವರು ಬೇಕಾದಷ್ಟು ಜನ ಇದ್ದಾರೆ. ಸೌಂಡ್ ಹಿಡಿಯುವವರು ನನಗೆ ಗೊತ್ತಿದ್ದಂತೆ ಒಬ್ಬರೂ ಇರಲಿಲ್ಲ.

ಇದ್ದ ಎರಡು ಕ್ಯಾಮೆರಾದಲ್ಲಿ ಒಂದನ್ನು ಮಾರಿದೆ. ಆ ದುಡ್ಡಿಗೆ ರೆಕಾರ್ಡರ್, ಬೂಮ್ ಮೈಕ್ (ಉದ್ದ ಕೋಲಿನ ತುದಿಗೆ ಕಟ್ಟಿ ಮಾತಾಡುವವರ ಹತ್ತಿರ ಹಿಡಿಯುವ ಮೈಕ್), ಬಟ್ಟೆಗೆ ಸಿಕ್ಕಿಸುವ ಎರಡು ಕಾಲರ್ ಮೈಕ್ ಬಂದವು, ಎಲ್ಲವೂ ಸೆಕೆಂಡ್ ಹ್ಯಾಂಡ್. ಮುಂದಿನ ವರ್ಷ ಬೆಂಗಳೂರಿನಲ್ಲಿ ಒಬ್ಬ ಹಿರಿಯ ರೆಕಾರ್ಡಿಸ್ಟ್ ಕೈಕೆಳಗೆ ಆರು ತಿಂಗಳು ಬೂಮ್ ಹಿಡಿದೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತುವುದು, ಬೆಳಿಗ್ಗೆ ಬೆಂಗಳೂರಲ್ಲಿ ಇಳಿದು ನೇರ ಶೂಟಿಂಗ್‌ಗೆ ಹೋಗುವುದು. ಕೈ ನೋವು ಬಹಳ ಇತ್ತು. ಆದರೆ ಕಿವಿ ತಯಾರಾಯಿತು.

ಹಾಗಾದರೆ ಕೊಪ್ಪಳಕ್ಕೆ ಯಾಕೆ ವಾಪಸ್ ಬಂದೆ? ಕೆಲಸದ ರೀತಿಯೇ ಬದಲಾಗಿದೆ ಅನ್ನುವುದು ಅಲ್ಲಿ ಕಣ್ಣಾರೆ ಕಂಡಿತು. ಹಿಂದೆ ಫಿಲ್ಮ್ ಕ್ಯಾಮೆರಾಗಳೇ ಬಹಳ ಸದ್ದು ಮಾಡುತ್ತಿದ್ದವು. ಹಾಗಾಗಿ ಮಾತನ್ನೆಲ್ಲ ಆಮೇಲೆ ಸ್ಟುಡಿಯೊದಲ್ಲಿ ಡಬ್ ಮಾಡುವುದೇ ರೂಢಿ. ಡಿಜಿಟಲ್ ಕ್ಯಾಮೆರಾಗೆ ಆ ತೊಂದರೆ ಇಲ್ಲ. ಈಗ ಸಾಕ್ಷ್ಯಚಿತ್ರ, ಕಿರುಚಿತ್ರ, ಸಣ್ಣ ಬಜೆಟ್ ಸಿನಿಮಾದವರು ಜಾಗದಲ್ಲೇ ಮಾತು ರೆಕಾರ್ಡ್ ಮಾಡಲು ಕೇಳುತ್ತಾರೆ. ಅದಕ್ಕೇ ಸಿಂಕ್ ಸೌಂಡ್ ಅನ್ನುವುದು. ತಂಡವೂ ಚಿಕ್ಕದಾಗಿದೆ. ಆನೆಗೊಂದಿ, ಸಣಾಪುರಕ್ಕೆ ಬರುವವರು ಒಂದೇ ಕಾರಿನಲ್ಲಿ ನಾಲ್ಕೈದು ಜನ ಬರುತ್ತಾರೆ, ಉಳಿದವರನ್ನು ಇಲ್ಲೇ ಹುಡುಕುತ್ತಾರೆ. ಇಲ್ಲಿಯವನೇ ಆದರೆ ರೂಮು, ಟಿಕೆಟ್ ಖರ್ಚು ಉಳಿಯಿತು ಅಲ್ವಾ?

ಇನ್ನೊಂದು ಕಾರಣ ನನಗೆ ದುಡ್ಡಿಗಿಂತ ಹೆಚ್ಚು. ನಮ್ಮ ಭಾಗದ ಮಾತನ್ನು ಡಬ್ಬಿಂಗ್‌ನಲ್ಲಿ ಎಷ್ಟು ಸಲ ಕೆಡಿಸಿದ್ದಾರೆ! ಪ್ರತಿ ವಾಕ್ಯಕ್ಕೂ ಒಂದು "ರೀ" ಅಂಟಿಸಿದರೆ ಉತ್ತರ ಕರ್ನಾಟಕ ಆಗುವುದಿಲ್ಲ. "ಎಲ್ಲಿಗ್ಹೊಂಟಿ" ಅಂತ ಮನೆ ಕಟ್ಟೆ ಮೇಲೆ ಕೂತು ಕೇಳುವ ದನಿ ಆ ಕಟ್ಟೆ ಮೇಲೇ ಸಿಗಬೇಕು.

ಒಂದು ದಿನದ ಕೆಲಸ ಹೇಳುತ್ತೇನೆ. ಆನೆಗೊಂದಿಯ ಒಂದು ಮನೆ, ಏಪ್ರಿಲ್ ತಿಂಗಳು. ಎಪ್ಪತ್ತು ದಾಟಿದ ಅಮ್ಮ ಒಬ್ಬರು ಮಾತಾಡಬೇಕಿತ್ತು. ಅವರು ಕ್ಯಾಮೆರಾಗೆ ಅಂತಲೇ ಹೊಸ ಇಳಕಲ್ ಸೀರೆ ಉಟ್ಟಿದ್ದರು. ಅದರ ಸೆರಗು ನುಣುಪು, ಅಲುಗಿದರೆ ಸರಸರ ಅನ್ನುತ್ತದೆ. ಮೈಕ್ ಅಲ್ಲಿ ಹಾಕಿದರೆ ಮಾತಿಗಿಂತ ಸೀರೆಯೇ ಜಾಸ್ತಿ ಕೇಳುತ್ತದೆ. ತಾಳಿ ಸರವೂ ಬಂದು ಬಡಿಯುತ್ತದೆ. ಅವರ ಸೊಸೆಗೆ ಹೇಳಿಕೊಟ್ಟು, ಹತ್ತಿಯ ಕುಪ್ಪಸದ ಅಂಚಿಗೆ ಮೆಡಿಕಲ್ ಟೇಪ್‌ನಿಂದ ಮೈಕ್ ಅಂಟಿಸಿದೆವು. ಫ್ಯಾನ್ ಆಫ್, ಫ್ರಿಜ್ ಆಫ್. ಫ್ರಿಜ್ ಆಫ್ ಮಾಡಿದ ಕೂಡಲೇ ನನ್ನ ಬೈಕ್ ಕೀ ಅದರೊಳಗೆ ಇಡುತ್ತೇನೆ. ಹೊರಡುವಾಗ ಕೀ ಬೇಕೇ ಬೇಕು, ಹಾಗಾಗಿ ಫ್ರಿಜ್ ಆನ್ ಮಾಡುವುದು ಮರೆಯುವುದಿಲ್ಲ. ಮನೆಯವರ ಹಾಲು ಕೆಡಬಾರದು.

"ಏನಪಾ, ನಾ ಆಡಿದ್ದೆಲ್ಲಾ ಆ ಡಬ್ಬ್ಯಾಗ ಹೋಗತೈತೇನು?" ಅಂತ ಕೇಳಿದರು. ಹೆಡ್‌ಫೋನ್ ಅವರ ಕಿವಿಗೆ ಹಾಕಿದೆ. ತಮ್ಮದೇ ದನಿ ಕೇಳಿ ಸುಮ್ಮನಾದರು. ಆಮೇಲೆ ಒಂದು ತಾಸು ನಿಲ್ಲಿಸದೆ ಮಾತಾಡಿದರು. ಕೊನೆಗೆ ಎಲ್ಲರನ್ನೂ ಒಂದು ನಿಮಿಷ ಸುಮ್ನೆ ಕೂರಿಸಿ ಆ ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿಕೊಂಡೆ. ರೂಮ್ ಟೋನ್ ಅನ್ನುತ್ತೇವೆ. ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಜಾಗ ಗೊತ್ತಾಗದಂತೆ ತುಂಬಲು ಅದು ಬೇಕು.

ಊರಿನವನಾಗಿರುವುದು ಇಲ್ಲಿ ನೆರವಿಗೆ ಬರುತ್ತದೆ. ಗಂಗಾವತಿ ಕಡೆ ಭತ್ತದ ಕೊಯ್ಲು ನಡೆಯುವಾಗ ಗದ್ದೆ ಪಕ್ಕ ಮಾತಿನ ದೃಶ್ಯ ಇಟ್ಟುಕೊಳ್ಳಬೇಡಿ ಅಂತ ನಾನೇ ಮೊದಲು ಹೇಳುತ್ತೇನೆ. ಕಟಾವು ಯಂತ್ರದ ಸದ್ದು ಬಹಳ ದೂರ ಬರುತ್ತದೆ. ಯಾವ ಗುಡಿಯಲ್ಲಿ ಮೈಕ್ ಎಷ್ಟು ಹೊತ್ತಿಗೆ ಶುರು ಅನ್ನುವುದೂ ಗೊತ್ತಿರಬೇಕು.

ಈಗ ದುಡ್ಡಿನ ವಿಷಯ. ಶುರುವಿನಲ್ಲಿ ದಿನಕ್ಕೆ 2,500 ರೂಪಾಯಿ ತೆಗೆದುಕೊಂಡೆ. ಈಗ ಸಾಮಾನು ಸೇರಿ 7,000. ಎರಡನೇ ವರ್ಷ ಹೊರಗಿನ ಒಂದು ತಂಡಕ್ಕೆ 9 ದಿನ ದುಡಿದೆ, ಬಾಯಿಮಾತಿನ ಮೇಲೆ. ಅರ್ಧ ಕೊಟ್ಟರು. ಉಳಿದದ್ದಕ್ಕೆ "ಚಾನೆಲ್‌ನಿಂದ ಬರಲಿ" ಅಂತ ಏಳು ತಿಂಗಳು ಓಡಾಡಿಸಿದರು, ಆಮೇಲೆ ಫೋನ್ ಎತ್ತಲಿಲ್ಲ. ಆ ಸಿಟ್ಟು ಇನ್ನೂ ಇದೆ. ಅಂದಿನಿಂದ ಒಂದು ಪುಟದ ಒಪ್ಪಂದ ಇಲ್ಲದೆ ಸಾಮಾನು ಬ್ಯಾಗಿಗೆ ಹಾಕುವುದಿಲ್ಲ. ಅರ್ಧ ಅಡ್ವಾನ್ಸ್, 12 ಗಂಟೆ ಶಿಫ್ಟ್, ಮೇಲಾದರೆ ಓವರ್‌ಟೈಮ್, ಬಾಕಿ 15 ದಿನದೊಳಗೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿ "ಒಪ್ಪಿಗೆ" ಅಂತ ಬರೆಸಿಕೊಂಡರೂ ಕೈಯಲ್ಲಿ ಒಂದು ದಾಖಲೆ ಇರುತ್ತದೆ. ಒಳ್ಳೆಯ ತಂಡದವರು ಇದಕ್ಕೆ ಬೇಜಾರಾಗುವುದಿಲ್ಲ. ಬೇಜಾರಾಗುವವರ ಕೆಲಸ ಬಿಟ್ಟಿದ್ದೇನೆ.

ಕಂಪನಿಗಳು ಬಿಲ್‌ನಲ್ಲಿ ಶೇ 10 ಟಿಡಿಎಸ್ ಹಿಡಿದವು, ಅಂದರೆ ದುಡ್ಡು ಕೊಡುವಾಗಲೇ ಆದಾಯ ತೆರಿಗೆ ಅಂತ ಮುರಿದುಕೊಳ್ಳುವುದು. ಮೊದಲ ವರ್ಷ ಅದು ಹೋದ ದುಡ್ಡು ಅಂದುಕೊಂಡಿದ್ದೆ. ನಮ್ಮ ಆದಾಯ ತೆರಿಗೆ ಮಿತಿಯೊಳಗಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ಪ್ಯಾನ್ ನಂಬರ್ ಮಾತ್ರ ಮೊದಲೇ ಕೊಡಿ.

ತಿಂಗಳಿಗೆ ಹತ್ತು ಹನ್ನೆರಡು ದಿನ ಕೆಲಸ ಸಿಗುತ್ತದೆ, ಮಳೆಗಾಲದಲ್ಲಿ ಕಡಿಮೆ. ಆಗ ಮದುವೆಗಳಿಗೆ ಸೌಂಡ್ ಮಾತ್ರ ಮಾಡುತ್ತೇನೆ, ಸೋಬಾನೆ ಪದಗಳನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಕೊಡುತ್ತೇನೆ. ಮುಂದಿನ ವಾರ ಕಿನ್ನಾಳದಲ್ಲಿ ಗೊಂಬೆ ಮಾಡುವವರ ಮೇಲೊಂದು ಸಾಕ್ಷ್ಯಚಿತ್ರ, ನಾಲ್ಕು ದಿನ. ಮರ ಉಜ್ಜುವ ಸದ್ದನ್ನು ತೀರ ಹತ್ತಿರದಿಂದ ಹಿಡಿಯಬೇಕು. ಬೂಮ್ ಹಿಡಿಯಲು ನಮ್ಮ ಓಣಿಯ ಹುಡುಗನನ್ನೇ ಕರೆದುಕೊಂಡು ಹೋಗುತ್ತಿದ್ದೇನೆ. ಅವನ ದಿನಗೂಲಿಯನ್ನೂ ಒಪ್ಪಂದದಲ್ಲೇ ಬರೆಸಿದ್ದೇನೆ.