ಉರಿ ಆರಲಿ, ಆಮೇಲೆ ಕೋಳಿ

ಏಪ್ರಿಲ್ ತಿಂಗಳಲ್ಲಿ ಅಡುಗೆಮನೆಯ ಒಲೆಯೆದುರು ನಿಲ್ಲುವುದೇ ಒಂದು ಶಿಕ್ಷೆ. ಬಿಸಿಲು ಇಳಿದ ಮೇಲೆ ತಾರಸಿಯಲ್ಲಿ ಇದ್ದಿಲು ಹೊತ್ತಿಸಿ ಕೋಳಿ ಸುಡುವುದೇ ವಾಸಿ. ಬೆವರಿದರೂ ಗಾಳಿಯಾದರೂ ಇರುತ್ತದೆ.

ಅರ್ಧ ಕಿಲೋ ಮೂಳೆಯಿಲ್ಲದ ಮಾಂಸ ಸಾಕು. ಅಂಗಡಿಯಲ್ಲಿ ತೊಡೆಯ ಭಾಗವನ್ನೇ ಕೇಳಿ ತನ್ನಿ. ಎದೆಯ ಭಾಗದಲ್ಲಿ ಕೊಬ್ಬು ಕಡಿಮೆ, ಎರಡು ನಿಮಿಷ ಹೆಚ್ಚು ಬೆಂದರೂ ನಾರು ನಾರು. ಒಂದೂವರೆ ಅಂಗುಲದ ತುಂಡುಗಳಾಗಿ ಕತ್ತರಿಸಿ.

ಮಸಾಲೆಗೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಅರ್ಧ ಬಟ್ಟಲು ಮೊಸರು, ಒಂದು ದೊಡ್ಡ ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಬಿಸಿನೀರಿನಲ್ಲಿ ನೆನೆಸಿ ರುಬ್ಬಿದ 6 ಬ್ಯಾಡಗಿ ಮೆಣಸಿನಕಾಯಿ, ಅರಿಶಿನ, ಗರಂ ಮಸಾಲೆ, ಉಪ್ಪು, ಎರಡು ಚಮಚ ಎಣ್ಣೆ. ಬ್ಯಾಡಗಿ ಇದ್ದರೆ ಬಣ್ಣದ ಪುಡಿಯ ಹಂಗಿಲ್ಲ. ಮೊಸರು ನೀರಾಗಿದ್ದರೆ ಮಾತ್ರ ಮಸಾಲೆಯೆಲ್ಲ ಕೆಂಡಕ್ಕೆ ನೈವೇದ್ಯ. ನಿಂಬೆರಸ ಈಗಲೇ ಹಿಂಡಬೇಡಿ. ಹುಳಿಯಲ್ಲಿ ಬಹಳ ಹೊತ್ತು ನೆನೆದ ಮಾಂಸ ಬಿರುಸಾಗುತ್ತದೆ. ಕಲಸಿದ್ದನ್ನು ನಾಲ್ಕು ಗಂಟೆ ಫ್ರಿಜ್‌ನಲ್ಲಿಡಿ. 32 ಡಿಗ್ರಿ ದಾಟಿದ ಸೆಖೆಯಲ್ಲಿ ಹಸಿಮಾಂಸ ಒಂದು ಗಂಟೆಗಿಂತ ಹೆಚ್ಚು ಹೊರಗಿರಕೂಡದು. ಬಿದಿರು ಕಡ್ಡಿಯಾದರೆ ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ತುಂಡುಗಳ ನಡುವೆ ಸ್ವಲ್ಪ ಜಾಗ ಬಿಟ್ಟು ಪೋಣಿಸಿ.

ಇನ್ನು ಬೆಂಕಿ. ಎಡವುವುದೆಲ್ಲ ಇಲ್ಲೇ. ಮೊದಲ ಸಲ ನಾನು ಜ್ವಾಲೆ ಏಳುತ್ತಿರುವಾಗಲೇ ಕಡ್ಡಿಗಳನ್ನು ಇಟ್ಟಿದ್ದೆ. ಹೊರಗೆ ಮಸಿ, ಒಳಗೆ ಹಸಿ. ಬಂದ ನೆಂಟರು ಸೌಜನ್ಯದಿಂದ ಈರುಳ್ಳಿ ಮಾತ್ರ ತಿಂದರು. ಜ್ವಾಲೆ ಅಡಗಿ ಇದ್ದಿಲಿನ ಮೇಲೆ ಬೂದಿಯ ತೆಳು ಪದರ ಕೂರಲು ಅರ್ಧ ಗಂಟೆಯಾದರೂ ಬೇಕು. ಜಾಲರಿಯಿಂದ ಅರ್ಧ ಗೇಣು ಮೇಲೆ ಅಂಗೈ ಹಿಡಿದು ಎಣಿಸಿ: ನಾಲ್ಕೈದಕ್ಕೆ ಕೈ ತಾನಾಗಿ ಹಿಂದೆ ಬಂದರೆ ಕೆಂಡ ಹದವಾಗಿದೆ. ಕೆಂಡವನ್ನು ಒಂದು ಬದಿಗೆ ಹೆಚ್ಚು ಒಟ್ಟಿ, ಇನ್ನೊಂದು ಬದಿಗೆ ತೆಳುವಾಗಿ ಹರಡಿ. ಎಣ್ಣೆ ತೊಟ್ಟಿಕ್ಕಿ ಉರಿ ಎದ್ದಾಗ ಕಡ್ಡಿಯನ್ನು ತೆಳುಬದಿಗೆ ಸರಿಸಬಹುದು. ಮಳೆಹನಿ ಬಿತ್ತೆಂದು ಇದನ್ನೆಲ್ಲ ಮನೆಯೊಳಗೆ ತರಬೇಡಿ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಜೀವವನ್ನೇ ತೆಗೆದೀತು.

ಎರಡೆರಡು ನಿಮಿಷಕ್ಕೆ ತಿರುಗಿಸುತ್ತ 12ರಿಂದ 15 ನಿಮಿಷ ಸುಡಿ. ನಡುವೆ ಬೆಣ್ಣೆ ಸವರಿ. ಹಸಿಮಾಂಸ ನೆನೆದ ಮಸಾಲೆಯನ್ನಲ್ಲ. ದಪ್ಪ ತುಂಡನ್ನು ಸೀಳಿದರೆ ಒಳಗೆ ಗುಲಾಬಿ ಬಣ್ಣ ಕಾಣಬಾರದು. ಅಡುಗೆ ಥರ್ಮಾಮೀಟರ್ ಇದ್ದರೆ 74 ಡಿಗ್ರಿ ತೋರಿಸಬೇಕು. ಬೇರೆ ತಟ್ಟೆಗಿಳಿಸಿ ಈಗ ನಿಂಬೆ ಹಿಂಡಿ.

ಉಳಿದ ಕೆಂಡದಲ್ಲಿ ಎರಡು ಮಾವಿನಕಾಯಿ ಹೂತಿಡಿ. ಊಟ ಮುಗಿಯುವ ಹೊತ್ತಿಗೆ ಸಿಪ್ಪೆ ಕಪ್ಪಾಗಿ ತಿರುಳು ಮೆತ್ತಗಾಗಿರುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಕಿವುಚಿದರೆ ನಾಳೆಯ ಪಾನಕಕ್ಕಾಯಿತು.