ಪಿಯುಸಿ ಮಾರ್ಕ್ಸ್ ಏರುಪೇರಾಗಿದ್ರೆ ಇಂಜಿನಿಯರಿಂಗ್ ಕಾಲೇಜ್ ಲಿಸ್ಟ್ ಮಾಡೋದು ಹೇಗೆ

ಎಸ್ಸೆಸ್ಸೆಲ್ಸಿಲಿ 94 ಬಂದು ಪಿಯುಸಿಲಿ ಕೆಮಿಸ್ಟ್ರಿ ಕೈಕೊಟ್ಟು ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) 58 ಪರ್ಸೆಂಟಿಗೆ ನಿಂತಿದ್ರೆ ಗಾಬರಿ ಬೇಡ. ಸಿಇಟಿ ರ‍್ಯಾಂಕಿಗೆ ಪಿಯುಸಿ ಪಿಸಿಎಂ ಅರ್ಧ, ಸಿಇಟಿ ಸ್ಕೋರ್ ಅರ್ಧ, ಹಾಗಾಗಿ ಅಲ್ಲಿ ಪೆಟ್ಟು ಬೀಳತ್ತೆ ನಿಜ, ಆದ್ರೆ ಖಾಸಗಿ ಕಾಲೇಜುಗಳ ಸೀಟಿಗೆ ನಡೆಯೋ ಕಾಮೆಡ್‌ಕೆ ರ‍್ಯಾಂಕ್ ಬರೋದು ಅವರ ಟೆಸ್ಟ್ ಮೇಲೆ ಮಾತ್ರ, ಜನರಲ್ಲಿಗೆ ಪಿಸಿಎಂ 45 ಪರ್ಸೆಂಟ್ ಇದ್ರೆ ಸಾಕು, ಫೀಸ್ ಮಾತ್ರ ಜಾಸ್ತಿ, ಮನೇಲಿ ಮೊದಲೇ ಮಾತಾಡ್ಕೊಳ್ಳಿ.

ಸಿಇಟಿ ನಡೆಸಿ ಸೀಟ್ ಹಂಚೋ ಕೆಇಎ ಸೈಟಲ್ಲಿ ಹೋದ್ವರ್ಷದ ಕಟಾಫ್ (ಕೊನೇ ಸೀಟ್ ಸಿಕ್ಕ ರ‍್ಯಾಂಕ್) ತೆಗೆದು ನಿಮ್ಮ ಕೆಟಗರಿ ಕಾಲಮ್ಮೇ ನೋಡಿ, ಜಿಎಂ (ಜನರಲ್ ಮೆರಿಟ್) ನೋಡಿ ಹೆದರ್ಬೇಡಿ. ಆಪ್ಷನ್ ಎಂಟ್ರೀಲಿ (ಬೇಕಾದ ಕಾಲೇಜುಗಳನ್ನ ಆರ್ಡರಲ್ಲಿ ಹಾಕುವಾಗ) ಆಸೆ ಇರೋ ಕಾಲೇಜನ್ನೇ ಮೇಲೆ ಹಾಕಿ, ಅದರಿಂದ ಕೆಳಗಿನ ಸೀಟೇನೂ ತಪ್ಪಲ್ಲ, ಎಷ್ಟೋ ಮಕ್ಕಳು ಇದು ಗೊತ್ತಿಲ್ದೆ ಒಳ್ಳೆ ಕಾಲೇಜ್ ಬಿಟ್ಬಿಡ್ತಾರೆ. ಸೇರೋಕೆ ಮನಸ್ಸಿಲ್ಲದ್ದನ್ನ ಹಾಕ್ಲೇಬೇಡಿ. ಮಾಕ್ ಅಲಾಟ್‌ಮೆಂಟ್ (ಅಸಲಿಗೆ ಮೊದಲಿನ ಟ್ರಯಲ್ ಸೀಟ್ ಹಂಚಿಕೆ) ಬಂದ್ಮೇಲೆ ಆರ್ಡರ್ ಸರಿಮಾಡ್ಕೊಳ್ಳಿ.